ಬುಧವಾರದ ಲಿಂಬೆಹಣ್ಣು

ನಮ್ಮ ಅಡುಗೆಮನೆಯ ಬುಟ್ಟಿಯಲ್ಲಿ ಒಂದು ಲಿಂಬೆಹಣ್ಣು ಕಡಿಮೆಯಾದರೆ ಹೆಂಡತಿ ಇವತ್ತಿಗೂ ಮೊದಲು ನನ್ನ ಮುಖ ನೋಡುತ್ತಾಳೆ. ಅದರಲ್ಲಿ ಅನ್ಯಾಯವೇನೂ ಇಲ್ಲ. ಲಾಕ್‌ಡೌನಿನಲ್ಲಿ ಲಿಂಬೆ ಕದ್ದವನು ನಾನೇ. ಏಕೆಂದು ಹೇಳುತ್ತೇನೆ, ಅದಕ್ಕೆ ಮುಂಚೆ ಸ್ವಲ್ಪ ನನ್ನನ್ನು ನಾನೇ ಹೊಗಳಿಕೊಳ್ಳಲು ಬಿಡಿ.

ಚೆಂಬೂರಿನಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು ನಾನು. ಈ ಭಾಗದ ಅರ್ಧ ಜನರ ಪಾಸ್‌ಪೋರ್ಟಿನಲ್ಲಿ ನನ್ನ ಕೈಚಳಕವಿದೆ. ಅದರಲ್ಲಿ ಅವರು ಕಳ್ಳರಂತೆ ಕಂಡರೆ ಅದು ಕ್ಯಾಮೆರಾದ ಪ್ರಾಮಾಣಿಕತೆ, ನನ್ನ ತಪ್ಪಲ್ಲ. ಅಂಥವನು, ಮುಂಬಯಿ ಬಾಗಿಲು ಹಾಕಿಕೊಂಡಿತೆಂದು ಸುಮ್ಮನೆ ಕೂರಲುಂಟೇ? ಎಪ್ಪತ್ತೆರಡರ ವಯಸ್ಸಿನಲ್ಲಿ ಮಾಸ್ಕು ಕಟ್ಟಿಕೊಂಡು, ಚೀಲದ ಅಡಿಯಲ್ಲಿ ಕ್ಯಾಮೆರಾ ಇಟ್ಟು, ಮೇಲೆ ಕೊತ್ತಂಬರಿ ಸೊಪ್ಪು ಮುಚ್ಚಿ ಹೊರಟೆ. ಮೂಲೆಯಲ್ಲಿ ನಿಂತ ಹವಾಲ್ದಾರ, ದಿನವೂ ಅದೇ ಸೊಪ್ಪು ನೋಡಿ, "ಕಾಕಾ, ರೋಜ್ ಕೋಥಿಂಬೀರ್?" ಎಂದ. "ಡಾಕ್ಟರ್ ನೇ ಬೋಲಾ" ಎಂದು ವೈದ್ಯರ ಮೇಲೆ ಹಾಕಿದೆ, ಅತ್ಯಂತ ರೋಗಿಷ್ಠ ದನಿಯಲ್ಲಿ.

ಜನರಿಲ್ಲದ ಸ್ಟೇಷನ್ ಸೇತುವೆ, ಹೆದ್ದಾರಿಯ ನಟ್ಟನಡುವೆ ಸ್ವಂತ ಹಾಸಿಗೆಯೆಂಬಂತೆ ಮಲಗಿದ ನಾಯಿ, ಲೋಕಲ್ ಬಾರದ ಹಳಿಯ ಮೇಲೆ ಸಭೆ ಸೇರಿದ ಕಾಗೆಗಳು: ನಾನು ತೆಗೆದ ಚಿತ್ರಗಳನ್ನು ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ಹೊಗಳದವನು ವಾಸು ಶೆಟ್ಟಿ ಒಬ್ಬನೇ. ನಮ್ಮ ಬಿಲ್ಡಿಂಗಿನ ಎದುರು ಅವನ ಪುಟ್ಟ ಹೋಟೆಲು. ಮೂವತ್ತೈದು ವರ್ಷ ನನ್ನ ಬೆಳಗಾಗಿದ್ದು ಅಲ್ಲಿನ ಬನ್ಸು, ಕಾಫಿಯಿಂದ. ನೆಂಟರ ಮದುವೆಗೆಂದು ಉಡುಪಿಗೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ.

"ಹೋಟ್ಲಿದೊಂದು ಫೋಟೋ ಕಳಿಸು ಮಾರಾಯ" ಎಂದು ಅಲ್ಲಿಂದ ಫೋನು ಮಾಡಿದ.

ಮುಚ್ಚಿದ ಶಟರು, ಮೆಟ್ಟಿಲ ಮೇಲೊಂದು ನಾಯಿ. ಕೆಳಗೆ 'ನಿನ್ನ ಹೊಸ ಕ್ಯಾಶಿಯರ್' ಎಂದು ಬರೆದು ಕಳಿಸಿದೆ. ಅವನು ನಗಲಿಲ್ಲ.

"ಶಟರಿನ ಲಿಂಬೆ ಒಣಗಿ ಕಪ್ಪಾಗಿದೆಯಲ್ಲ ಮಾರಾಯ. ಸಾಕಿನ್ನು. ಪಕ್ಕದ ಮೊಬೈಲ್ ಅಂಗಡಿಯವ ಜಾಗ ಕೇಳ್ತಿದ್ದಾನೆ, ಕೊಟ್ಟುಬಿಡ್ತೇನೆ."

ದೃಷ್ಟಿ ತಾಗದಿರಲೆಂದು ಇಲ್ಲಿನ ಅಂಗಡಿಗಳ ಬಾಗಿಲಲ್ಲಿ ಒಂದು ಲಿಂಬೆ, ಏಳು ಹಸಿಮೆಣಸು ದಾರದಲ್ಲಿ ತೂಗುವುದನ್ನು ನೀವೂ ನೋಡಿರುತ್ತೀರಿ. ಪ್ರತಿ ಶನಿವಾರ ಒಬ್ಬ ಬಂದು ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟುತ್ತಾನೆ. ಅವನೂ ತನ್ನ ಊರಿಗೆ ನಡೆದುಬಿಟ್ಟಿದ್ದ. ನನಗೆ ದೃಷ್ಟಿಯಲ್ಲಿ ನಂಬಿಕೆಯಿಲ್ಲ. ಆದರೆ ಮೊಬೈಲ್ ಅಂಗಡಿಯಲ್ಲಿ ಬನ್ಸು ಸಿಗುವುದಿಲ್ಲವೆಂಬುದರಲ್ಲಿ ಗಟ್ಟಿ ನಂಬಿಕೆಯಿತ್ತು.

ಬುಟ್ಟಿಗೆ ಕೈಹಾಕಿದ್ದು ಆಗಲೇ. "ಸಾರಿಗೆ ಲಿಂಬೆ ಇಲ್ಲ, ನಿಮ್ಮ ಶೆಟ್ರ ಶಟರಿಗೆ ಉಂಟಾ?" ಎಂದು ಹೆಂಡತಿ ಕೂಗುತ್ತಿದ್ದಂತೆ ಮೆಟ್ಟಿಲಿಳಿದೆ. ಹಳೆಯದನ್ನು ತೆಗೆದು, ಮೆಣಸಿನೊಡನೆ ದಾರಕ್ಕೆ ಪೋಣಿಸಿದ ಹೊಸದನ್ನು ಕೊಡೆಯ ತುದಿಯಿಂದ ಮೊಳೆಗೆ ಸಿಕ್ಕಿಸಿ, ನಲವತ್ತು ವರ್ಷದ ವಿದ್ಯೆಯನ್ನೆಲ್ಲ ಸುರಿದು ಫೋಟೋ ತೆಗೆದೆ. ಮದುಮಗಳಿಗೂ ಅಷ್ಟು ಒಳ್ಳೆಯ ಬೆಳಕು ಹಿಡಿದವನಲ್ಲ ನಾನು. 'ಶನಿವಾರದವನು ಮರಳಿದ್ದಾನೆ, ಇವತ್ತೇ ಕಟ್ಟಿಹೋದ, ನಿನಗೇನು ಚಿಂತೆ' ಎಂದು ಬರೆದೆ.

ತಕ್ಷಣ ಫೋನು.

"ಇವತ್ತು ಯಾವ ವಾರ?"

"ಶನಿವಾರ. ಯಾಕೆ?"

"ಬುಧವಾರ ಮಾರಾಯ! ಬುಧವಾರ ಲಿಂಬೆ ಕಟ್ಟುವ ಪೆಂಗ ಇಡೀ ಮುಂಬಯಿಯಲ್ಲಿ ನೀನೊಬ್ಬನೇ."

ವಾರಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದ ಕಾಲವದು. ಎಲ್ಲರನ್ನೂ ಬೇಸ್ತು ಬೀಳಿಸುವ ನಾನು ಕ್ಯಾಲೆಂಡರಿನ ಕೈಗೆ ಸಿಕ್ಕಿಬಿದ್ದಿದ್ದೆ. ಅವನು ನಗುತ್ತಲೇ ಇದ್ದ. ಆಮೇಲೆ ನಗು ನಿಂತಿತು.

"ಜಾಗ ಕೊಡುವುದಿಲ್ಲ ಅಂತ ಆ ಮೊಬೈಲಿನವನಿಗೆ ಹೇಳ್ತೇನೆ" ಎಂದ. "ಗಾಡಿ ಬಿಟ್ಟ ಕೂಡಲೇ ಬರ್ತೇನೆ. ನೀನು ಆ ಸ್ಟೂಲಿನ ಮೇಲೆಲ್ಲ ಹತ್ತಬೇಡ."

ಸ್ಟೂಲಲ್ಲ, ಕೊಡೆ ಎಂದು ನಾನು ತಿದ್ದಲಿಲ್ಲ. ಆ ಬೇಸಿಗೆಯಲ್ಲಿ ನಿರ್ಜನ ನಗರದ ಚಿತ್ರಗಳು ಬಹಳ ಬಂದವು, ನನ್ನವೂ ಸೇರಿ. ಆದರೆ ಯಾರೂ ಇಲ್ಲದ ಚಿತ್ರದಲ್ಲಿಯೂ ಒಬ್ಬ ಇದ್ದೇ ಇರುತ್ತಾನೆ, ಅದನ್ನು ತೆಗೆದವನು. ನೆಂಟರೆಲ್ಲ ಖಾಲಿ ರಸ್ತೆ ನೋಡಿದರು. ಶೆಟ್ಟಿ ಒಂದು ಲಿಂಬೆಹಣ್ಣಿನಲ್ಲಿ ನನ್ನನ್ನು ನೋಡಿದ್ದ.

ಹೋಟೆಲು ಈಗ ನಡೆಯುತ್ತಿದೆ. ಶನಿವಾರದವನು ಮರಳಿ ಬಂದರೂ ಆ ಒಂದು ಬಾಗಿಲು ಅವನಿಗಿಲ್ಲ. ಅಲ್ಲಿ ಲಿಂಬೆ ಬದಲಾಗುವುದು ಬುಧವಾರ, ಬದಲಿಸುವವನು ನಾನು. ಆ ದಿನ ಬೆಳಿಗ್ಗೆ ನಮ್ಮ ಬುಟ್ಟಿಯಲ್ಲಿ ಒಳ್ಳೆಯದೊಂದು ಲಿಂಬೆ, ಎಣಿಸಿದ ಏಳು ಮೆಣಸು ಬೇರೆಯಾಗಿ ಇರುತ್ತವೆ. ನಾನು ಕದಿಯುತ್ತೇನೆ. ಹೆಂಡತಿ ಅತ್ತ ತಿರುಗಿ ಸಾರಿಗೆ ಒಗ್ಗರಣೆ ಹಾಕುತ್ತಾಳೆ.