ತಂಗಿಗೆ ಮೊದಲು ಬಂದ ಗಾಡಿ

ತಂಗಿಯ ಮನೆಗೆ ಹೊಸ ಕಾರು ಬಂದ ಸುದ್ದಿ ನನಗೆ ಫೋನಿನಲ್ಲಿ ಫೋಟೊ ಆಗಿ ಬಂತು. ಔರಾದಿನ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಆಗ ಸ್ಟಾಫ್ ರೂಮಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆ. ಮೊದಲ ಫೋಟೊದಲ್ಲಿ ಕೆಂಪು ಗಾಡಿ, ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ, ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟ ತಂಗಿ. ಎರಡನೆಯದು ಗಾಡಿಯ ಹಿಂಭಾಗದ್ದು. ಅದರಲ್ಲಿ ಜೋಡಿ ಸೈಲೆನ್ಸರ್ ಕಂಡದ್ದೇ ಬುತ್ತಿ ಬದಿಗಿಟ್ಟು ಫೋಟೊವನ್ನು ದೊಡ್ಡದು ಮಾಡಿದೆ.

ಅದು ಯಾವ ಗಾಡಿ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಎಷ್ಟೋ ತಿಂಗಳಿಂದ ಅಡುಗೆ ಮಾಡುತ್ತ ಅದರದೇ ವಿಡಿಯೊ ನೋಡುತ್ತಿದ್ದೆ. ದೂರದಿಂದ ನೋಡಿದರೆ ಎಲ್ಲರ ಮನೆಯ ಮುಂದೆ ನಿಲ್ಲುವಂಥ ಸಣ್ಣ ಹ್ಯಾಚ್‌ಬ್ಯಾಕ್. ಒಳಗೆ ಮಾತ್ರ ಟರ್ಬೊ ಇಂಜಿನ್, ಬಿಗಿ ಸ್ಟೇರಿಂಗ್, ಕಾಲಿಟ್ಟ ಕೂಡಲೇ ಮುಂದಕ್ಕೆ ಹಾರುವ ಗುಣ. ಕಂಪನಿ ಅದನ್ನು ಕೆಲವೇ ಕೆಲವು ಮಾಡುತ್ತಿತ್ತು. ಬೀದರಿನಲ್ಲಿ ಮಾರಾಟವಾದ ಮೊದಲನೆಯದು ಭಾಲ್ಕಿಗೆ, ನನ್ನ ತಂಗಿಯ ಅಂಗಳಕ್ಕೆ ಹೋಗಿತ್ತು. ಅವಳಿಗೆ ಕ್ಲಚ್ ಯಾವ ಕಾಲಿಗೆ ಬರುತ್ತದೆ ಎಂಬುದೂ ಗೊತ್ತಿರಲಿಲ್ಲ.

ಗಾಡಿ ಅಂದರೆ ನಮ್ಮಿಬ್ಬರಲ್ಲಿ ಮೊದಲಿನಿಂದಲೂ ನನ್ನ ಪಾಲು. ಅಪ್ಪ ಬೀದರಿನ ಒಬ್ಬ ಮುಸ್ಲಿಂ ವ್ಯಾಪಾರಿಯ ಜೀಪು ಓಡಿಸುತ್ತಿದ್ದರು. ಜನವಾಡದ ದಾರಿ ಖಾಲಿ ಇದ್ದಾಗ ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸುತ್ತಿದ್ದರು. ಮಾಲೀಕರು ಹಿಂದೆ ಕೂತೇ, ‘ಚಲಾನೆ ದೇವ್ ಉಸ್ಕು’, ಓಡಿಸಲಿ ಬಿಡು, ಎಂದು ನಗುತ್ತಿದ್ದರು. ತಂಗಿ ಆಗ ಮನೆಯಲ್ಲಿ ಗೊಂಬೆಗೆ ಜಡೆ ಹೆಣೆಯುತ್ತಿದ್ದಳು. ಈಗ ಅವಳ ಗಂಡನಿಗೆ ಭಾಲ್ಕಿಯಲ್ಲಿ ಬೀಜ, ಗೊಬ್ಬರದ ದೊಡ್ಡ ಅಂಗಡಿ. ನಾನು ಹಳೆಯ ಬಿಳಿ ಕಾರಿನಲ್ಲಿ ದಿನಾ ಬೀದರಿನಿಂದ ಔರಾದಿಗೆ ಹೋಗಿ ಬರುತ್ತಿದ್ದೆ.

ಸಂಜೆ ಬೀದರಿನ ಚಿದ್ರಿಯಲ್ಲಿರುವ ಮನೆಗೆ ಬಂದು, ಹೈಸ್ಕೂಲ್ ಮಾಸ್ತರರಾದ ನನ್ನ ಗಂಡನಿಗೆ ಫೋಟೊ ತೋರಿಸಿದೆ.

“ಚಲೋ ಅದ,” ಅಂದರು.

“ನಾವೂ ಇದೇ ತಗೋಳಾನ್ರಿ.”

“ಯಾಕ? ನಮ್ಮ ಗಾಡಿಗಿ ಏನಾಗ್ಯಾದ?”

“ಏನೂ ಆಗಿಲ್ಲರಿ. ಏನೂ ಆಗಲ್ಲ ಅನ್ನೋದೇ ಅದರ ತ್ರಾಸ.”

ಅವರು ಮತ್ತೊಮ್ಮೆ ಫೋಟೊ ನೋಡಿ, ಗಾಡಿಯನ್ನು ಬಿಟ್ಟು ನನ್ನ ಮುಖ ನೋಡಿದರು.

ಮರುದಿನವೇ ಶೋರೂಮಿಗೆ ಹೋದೆ. ಸೇಲ್ಸ್‌ನವನು ನಗುನಗುತ್ತ ತಣ್ಣನೆಯ ನೀರು ಕೊಟ್ಟ. ಟೆಸ್ಟ್ ಡ್ರೈವ್ ಗಾಡಿಯ ಕೀಲಿಯನ್ನೂ ಕೊಟ್ಟ. ಅದನ್ನು ಕೊಡಬಾರದಿತ್ತು. ನೌಬಾದ್ ದಾಟಿ ರಸ್ತೆ ತೆರವಾದ ಮೇಲೆ ಒಮ್ಮೆ ಕಾಲು ಒತ್ತಿದೆ. ಬೆನ್ನು ಸೀಟಿಗೆ ಅಂಟಿಕೊಂಡಿತು. ತಿರುವಿನಲ್ಲಿ ಗಾಡಿ ನೆಲ ಕಚ್ಚಿ ಹಿಡಿಯಿತು. ಪಕ್ಕದಲ್ಲಿದ್ದ ಸೇಲ್ಸ್‌ನವನು ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡು, “ಮೇಡಂ, ಜರಾ ಸಾವಕಾಶ್,” ಅಂದ. ನಾನು ನಗುತ್ತಿದ್ದೆ. ಮರುಕ್ಷಣ ತಂಗಿಯ ನೆನಪಾಗಿ ನಗು ಇಂಗಿತು.

ವಾಪಸು ಬಂದು ಕೂತ ಮೇಲೆ ಅವನು ಮುಖ ಸಪ್ಪಗೆ ಮಾಡಿದ.

“ಬುಕ್ ಮಾಡಿದ್ರ ವರ್ಷ ಆಗ್ತದ್ರಿ ಮೇಡಂ. ಜಲ್ದಿ ಬೇಕಂದ್ರ ಆಕ್ಸೆಸರಿ ಪ್ಯಾಕೇಜ್ ತಗೋಬೇಕಾಗ್ತದ.”

ಪ್ಯಾಕೇಜ್ ಎಂದರೆ ಸೀಟ್ ಕವರ್, ಕಾಲಡಿಯ ಮ್ಯಾಟು, ಬಾಗಿಲಿಗೆ ಹಚ್ಚುವ ಬೆಳ್ಳಿ ಪಟ್ಟಿ, ಅವರೇ ಮಾಡಿಸುವ ವಿಮೆ, ಒಂದು ಗಣಪತಿ. ಅದಕ್ಕೆ ಅವನು ಹೇಳಿದ ಬೆಲೆಯಲ್ಲಿ ಎರಡು ಒಳ್ಳೆಯ ಸ್ಕೂಟರ್ ಬರುತ್ತಿದ್ದವು.

“ಭಾಲ್ಕಿಯವರೂ ಇದು ತಗೊಂಡಾರೇನು?” ಎಂದು ಕೇಳಿದೆ.

“ಅವರು ಏನೂ ಕೇಳಲೇ ಇಲ್ರಿ. ಹೇಳಿದಷ್ಟು ರೊಕ್ಕ ಕೊಟ್ಟು ಒಯ್ದರು.”

ಆ ಉತ್ತರ ಬೆಲೆಗಿಂತ ಹೆಚ್ಚು ಚುಚ್ಚಿತು. ನಾನು ಹಣ ಹೊಂದಿಸಬಹುದಿತ್ತು. ಕಷ್ಟವೇ, ಆದರೂ ಆಗದ ಮಾತಲ್ಲ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನನಗೆ ನಾನೇ ವಾದ ಹೇಳಿಕೊಂಡೆ. ದಿನಾ ಓಡಾಡುವವಳು ನಾನು, ಓಡಿಸಲು ಬಲ್ಲವಳು ನಾನು, ಮತ್ತೆ ಈ ವಯಸ್ಸಿನಲ್ಲಿ ತಗೊಳ್ಳದಿದ್ದರೆ ಯಾವಾಗ? ವಾದವೆಲ್ಲ ಸರಿಯಾಗಿಯೇ ಇತ್ತು. ಆದರೆ ಪ್ರತಿ ವಾದದ ಕೊನೆಗೂ ರೇಷ್ಮೆ ಸೀರೆ ಉಟ್ಟ ತಂಗಿ ಬಂದು ನಿಲ್ಲುತ್ತಿದ್ದಳು.

ನಾನು ಇನ್ನೂ ತೀರ್ಮಾನಿಸಿರಲಿಲ್ಲ, ಅಷ್ಟರಲ್ಲಿ ಅವಳೇ ಫೋನ್ ಮಾಡಿದಳು.

“ಅಕ್ಕಾ, ನನಗ ಗಾಡಿ ಕಲಸ್ತಿಯೇನು? ಇವರು ಕಲಸ್ಲಿಕ್ಕಿ ಕೂತ್ರ ಬರೀ ಬೈತಾರ.”

ಭಾನುವಾರ ಭಾಲ್ಕಿಗೆ ಹೋದೆ. ಭಾತಂಬ್ರಾ ಕಡೆಯ ರಸ್ತೆಗೆ ಗಾಡಿ ತಂದೆವು. ಎರಡೂ ಕಡೆ ಸೋಯಾಬೀನ್ ಮೊಣಕಾಲೆತ್ತರ ಬೆಳೆದಿತ್ತು. “ಮೊದಲ ನಾ ತೋರಸ್ತೇನಿ, ನೋಡ್ಕೋ,” ಎಂದು ನಾನೇ ಸ್ಟೇರಿಂಗ್ ಹಿಡಿದೆ. ನನ್ನ ತೋರಿಸುವಿಕೆ ಭಾತಂಬ್ರಾದ ಮೊದಲ ಮನೆಗಳು ಕಾಣುವವರೆಗೂ ಮುಗಿಯಲಿಲ್ಲ.

“ಅಕ್ಕಾ, ನಾ ಯಾವಾಗ ಹೊಡೀಲಿ?” ಎಂದು ಅವಳು ಕೇಳಿದಾಗ ಗಾಡಿ ನಿಲ್ಲಿಸಿ ಇಳಿಯಲೇಬೇಕಾಯಿತು.

ಅವಳು ಕೆಡಿಸುತ್ತಾಳೆ, ಅಳುತ್ತಾಳೆ, ಕೊನೆಗೆ ನನ್ನಿಂದ ಆಗಲ್ಲ ಅನ್ನುತ್ತಾಳೆ ಎಂದುಕೊಂಡಿದ್ದೆ. ಹಾಗೆ ಆಗಲೆಂದು ಬಯಸಿಯೂ ಇದ್ದೆ. ಮೊದಲ ದಿನ ಗಾಡಿ ಜಿಗಿದು ಜಿಗಿದು ನಿಂತಿತು, ನಿಜ. ಮುಂದಿನ ಭಾನುವಾರ ಕ್ಲಚ್ ಮೆತ್ತಗೆ ಬಿಟ್ಟಳು. ಅದರ ಮುಂದಿನ ಸಲ ಎದುರಿಗೆ ಗೊಬ್ಬರ ಹೇರಿದ ಟ್ರ್ಯಾಕ್ಟರ್ ಬಂದಾಗ ಗೇರು ಇಳಿಸಿ, ಗಾಡಿಯನ್ನು ಮಣ್ಣಿನ ಅಂಚಿಗೆ ತಂದು, ಮತ್ತೆ ರಸ್ತೆಗೆ ಏರಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಅದೆಲ್ಲ ಮುಗಿದಿತ್ತು.

“ಸರಿ ಮಾಡ್ದೆ ಏನಕ್ಕಾ?”

“ಸರಿ ಅದ,” ಅಂದೆ. ಅಷ್ಟು ಹೇಳಲು ನನಗೆ ಎಷ್ಟು ಕಷ್ಟವಾಯಿತು ಎಂದು ಅವಳಿಗೆ ಗೊತ್ತಾಗಲಿಲ್ಲ. ಅವಳು ಖುಷಿಯಿಂದ ನನ್ನ ಕೈ ಹಿಸುಕಿದಳು.

ಲೈಸೆನ್ಸ್ ಬಂತು. ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಟು ಜನವಾಡ ದಾಟಿದ್ದೆ. ಕನ್ನಡಿಯಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ನೋಡುನೋಡುತ್ತ ದೊಡ್ಡದಾಗಿ ನನ್ನ ಪಕ್ಕಕ್ಕೆ ಬಂತು. ತಂಗಿ ಒಬ್ಬಳೇ ಇದ್ದಳು. ಅವಳ ಅತ್ತೆಯ ಮನೆ ಔರಾದಿನಲ್ಲಿ, ಬೀದರಿನ ಮೇಲೆ ಹಾದು ಅಲ್ಲಿಗೆ ಹೊರಟಿದ್ದಳಂತೆ. ಹಾರ್ನ್ ಹೊಡೆದು ಕೈ ಬೀಸಿದಳು. ಇಂಜಿನ್ನು ಒಮ್ಮೆ ಗಂಟಲು ಸರಿಮಾಡಿಕೊಂಡಂತೆ ಗುಡುಗಿತು, ಗಾಡಿ ಮುಂದೆ ಹೋಯಿತು. ನಾನು ಕಾಲು ಪೂರ್ತಿ ಒತ್ತಿದೆ. ನನ್ನ ಬಿಳಿ ಗಾಡಿ ನರಳಿತೇ ಹೊರತು ವೇಗ ಏರಲಿಲ್ಲ. ಏರಿನ ಆಚೆ ಅವಳು ಮರೆಯಾದಳು. ಅವತ್ತು ತರಗತಿಯಲ್ಲಿ ಬೋರ್ಡಿನ ಮೇಲೆ ಒಂದು ಸಮೀಕರಣವನ್ನು ತಪ್ಪಾಗಿ ಬರೆದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಹೇಳಿದಳು.

ಮಧ್ಯಾಹ್ನ ನೇರ ಶೋರೂಮಿಗೆ ಹೋದೆ. ಚೆಕ್‌ಬುಕ್ ಬ್ಯಾಗಿನಲ್ಲಿತ್ತು.

“ಒಂದು ಗಾಡಿ ಬರ್ಲತ್ತದ್ರಿ ಮೇಡಂ,” ಅಂದ ಸೇಲ್ಸ್‌ನವನು. “ಬುಕ್ ಮಾಡಿದವರು ಬ್ಯಾಡ ಅಂದಾರ. ಆದ್ರ ಈಗ ಪ್ಯಾಕೇಜ್ ಜರಾ ಜಾಸ್ತಿ ಆಗ್ಯಾದ.”

“ಮ್ಯಾಟು ಬೇರೆ ಕೊಡ್ತೀರೇನು?”

“ಇಲ್ರಿ, ಅದೇ ಮ್ಯಾಟು.”

“ಸೀಟ್ ಕವರು?”

“ಅದೂ ಅದೇ ರಿ.”

“ಮತ್ತ ಈ ಮ್ಯಾಲಿನ ರೊಕ್ಕ ಯಾತಕ್ಕ? ಖರೇ ಹೇಳ್ರಿ.”

ಅವನು ಸುತ್ತ ನೋಡಿ ದನಿ ತಗ್ಗಿಸಿದ. “ಮೇಡಂ, ಎಲ್ಲರಿಗಿಂತ ಮೊದಲ ಸಿಗ್ತದಲ್ರಿ, ಅದಕ್ಕ.”

ಪೆನ್ನಿನ ಮುಚ್ಚಳ ನನ್ನ ಕೈಯಲ್ಲೇ ಉಳಿಯಿತು. ಎಲ್ಲರಿಗಿಂತ ಮೊದಲು ಅನ್ನುವುದು ಈಗಾಗಲೇ ಭಾಲ್ಕಿಯ ಒಂದು ಅಂಗಳದಲ್ಲಿ ನಿಂತಿತ್ತು. ನಾನು ಎಷ್ಟೇ ಕೊಟ್ಟರೂ ಎರಡನೆಯವಳು. ಎರಡನೆಯವಳಾಗಲು ಮೊದಲನೆಯವಳಿಗಿಂತ ಹೆಚ್ಚು ಕೊಡಬೇಕೇ? ವಿವೇಕವಂತೂ ನನ್ನನ್ನು ತಡೆಯಲಿಲ್ಲ. ಹೊಟ್ಟೆಕಿಚ್ಚೇ ತಡೆಯಿತು.

“ಬ್ಯಾಡ್ರಿ,” ಅಂದೆ. “ಬರೇ ಗಾಡಿ ಬುಕ್ ಮಾಡ್ಕೋರಿ. ಯಾವಾಗ ಬರ್ತದೋ ಬರ್ಲಿ. ಒಂದು ಮ್ಯಾಟೂ ಬ್ಯಾಡ.”

ಕಾಯುವ ದಿನಗಳು ಸುಲಭದವಾಗಿರಲಿಲ್ಲ. ತಂಗಿ ಮನೆಗೆ ಬಂದಾಗಲೆಲ್ಲ ಗಾಡಿಯನ್ನು ನಮ್ಮ ಗೇಟಿನೆದುರೇ ನಿಲ್ಲಿಸುತ್ತಿದ್ದಳು. ಚಿದ್ರಿಯ ಅಂಗಡಿಗಳಿಂದ ಜನ ಎದ್ದು ಬಂದು ನೋಡಿ, “ಮೇಡಂ, ಹೊಸ ಗಾಡಿ ನಿಮ್ಮದೇನ್ರಿ?” ಎಂದು ಕೇಳುತ್ತಿದ್ದರು. “ಅಲ್ಲರಿ, ತಂಗೀದು,” ಎಂದು ಹೇಳಿ ಹೇಳಿ ಬೇಸತ್ತು, ಒಮ್ಮೆ ಉತ್ತರ ಕೊಡದೆ ಬಾಗಿಲು ಹಾಕಿಕೊಂಡೆ. ಒಳಗೆ ಗಂಡ ಪೇಪರಿನ ಹಿಂದೆ ನಗುತ್ತಿದ್ದರು.

ನನ್ನ ಗಾಡಿ ಬಂದಾಗ ಬೀದರಿನ ರಸ್ತೆಗಳಲ್ಲಿ ಅಂಥವು ಸಾಕಷ್ಟಾಗಿದ್ದವು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಬೆಲೆ ಮಾತ್ರ ಕಂಪನಿಯ ಪಟ್ಟಿಯಲ್ಲಿ ಇದ್ದಷ್ಟೇ ಕೊಟ್ಟೆ. ಗಾಢ ನೀಲಿ ಬಣ್ಣ. ಮೊದಲ ದಿನ ಔರಾದಿಗೆ ಹೋಗುವಾಗ ಪ್ರತಿ ತಿರುವಿನಲ್ಲೂ ತುಸು ವೇಗವಾಗಿಯೇ ಹೊರಳಿದೆ. ಕಾಲೇಜು ಇಷ್ಟು ಹತ್ತಿರ ಯಾಕಿದೆ ಎಂದು ಮೊದಲ ಸಲ ಅನ್ನಿಸಿತು.

ತಂಗಿ ನೋಡಲು ಬಂದಳು. ಒಳಗೆ ಕೂತು ಎಲ್ಲ ಗುಂಡಿ ಒತ್ತಿದಳು. “ಅಕ್ಕಾ, ನಿನ್ನ ಗಾಡ್ಯಾಗ ಹಿಂದಿನ ಕ್ಯಾಮೆರಾ ಎಕ್ದಂ ಸಾಫ್ ಕಾಣ್ತದ. ನಮ್ಮದು ಮೊದಮೊದಲ ಬಂದ ಗಾಡಿ, ಅದರಾಗ ಹಿಂಗಿಲ್ಲ,” ಅಂದಳು. ಅವಳ ದನಿಯಲ್ಲಿ ಒಂದು ಸಣ್ಣ ಎಳೆ ಕೇಳಿಸಿತು. ಅದರ ರುಚಿ ನನಗೆ ಚೆನ್ನಾಗಿ ಗೊತ್ತಿತ್ತು. ಅವತ್ತು ಚಹಾಕ್ಕೆ ಸಕ್ಕರೆ ಧಾರಾಳವಾಗಿ ಹಾಕಿದೆ.

ಚಹಾ ಕುಡಿಯುತ್ತ ಅವಳು ಸುಮ್ಮನೆ ಹೇಳುವಂತೆ ಹೇಳಿದಳು: “ಮೊನ್ನಿ ಹೈದರಾಬಾದಿಗಿ ಹೋಗಿ ಬಂದೀನಿ. ಗೆಳತಿ ಮಗಳ ಲಗ್ನ ಇತ್ತು. ಒಬ್ಬಾಕಿನೇ ಹೊಡ್ಕೊಂಡು ಹೋದೆ.”

ನಾನು ಇಷ್ಟು ವರ್ಷ ಗಾಡಿ ಓಡಿಸಿದ್ದೇನೆ. ಆ ದಾರಿಯಲ್ಲಿ ಜಹೀರಾಬಾದ್ ದಾಟಿ ಒಬ್ಬಳೇ ಹೋದವಳಲ್ಲ.

“ಅಷ್ಟು ಟ್ರಾಫಿಕ್ಕಿನಾಗ ಹ್ಯಾಂಗ ಹೋದಿ? ಅಂಜಿಕಿ ಆಗಲಿಲ್ಲೇನು?” ಎಂದೆ, ಆದಷ್ಟು ಸಾದಾ ದನಿಯಲ್ಲಿ.

“ಮೊದಲ ಆಯ್ತು. ಆಮ್ಯಾಲ ಲಾರಿ ಹಿಂದ ಹಿಂದೇ ಹೋದೆ,” ಎಂದು ಅವಳು ಶುರು ಮಾಡಿದಳು. ಎಲ್ಲಿ ಟೋಲ್, ಎಲ್ಲಿ ಎಡಕ್ಕೆ ಹೊರಳಬೇಕು, ಯಾವ ಸೇತುವೆ ಏರಬಾರದು ಎಂದು ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆದು ತೋರಿಸಿದಳು. ನನ್ನ ಚಹಾ ಆರಿಹೋಯಿತು. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ನಾನು ಒಂದೊಂದು ತಿರುವನ್ನೂ ಮನಸ್ಸಿನಲ್ಲಿ ಬರೆದುಕೊಂಡೆ.