ಕಾರ್ ಪಾರ್ಕಿನ ಒಂಟಿ ಚಪ್ಪಲಿ

ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ, ಬಲಗಾಲಿನದು ಒಂದೇ. ಹಿಮ್ಮಡಿಯ ಕಡೆ ಸವೆದು ದೋಸೆಯ ಅಂಚಿನಷ್ಟು ತೆಳ್ಳಗಾಗಿತ್ತು. ಸಿಂಗಾಪುರದ ಸೆಂಗ್‌ಕಾಂಗ್‌ನ ನಮ್ಮ ಬ್ಲಾಕಿನ ಕಾರ್ ಪಾರ್ಕಿನಲ್ಲಿ, ಮೂರನೇ ಮಹಡಿಯ ಮೂಲೆಯ ಖಾಲಿ ಜಾಗದಲ್ಲಿ ಆ ಚಪ್ಪಲಿ ಬಿದ್ದಿದ್ದರೆ, ಕೆಳಗಿನ ಮನೆಯ ಅಂಕಲ್ ಗಾಡಿ ತೆಗೆದುಕೊಂಡು ಹೊರಗೆ ಹೋಗಿದ್ದಾರೆ ಎಂದು ಅರ್ಥ. ಕಾರು ಓಡಿಸುವಾಗ ಅವರ ಬಲಗಾಲು ಬರಿಗಾಲೇ ಆಗಬೇಕು. ಸೀಟಿನಲ್ಲಿ ಕೂತು, ಚಪ್ಪಲಿಯನ್ನು ಹೊರಗೇ ಜಾರಿಸಿ, ಬಾಗಿಲು ಹಾಕಿಕೊಂಡು ಹೊರಟುಬಿಡುತ್ತಿದ್ದರು. ಅದನ್ನು ಒಳಗಿಟ್ಟುಕೊಳ್ಳಬೇಕಿತ್ತು ಎಂದು ನೆನಪಾಗುತ್ತಿದ್ದುದು ಅಂಗಡಿಯ ಮುಂದೆ ಇಳಿದಾಗ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ತರಕಾರಿ ತಂದವರು ಅವರು.

"ಪಾದಕ್ಕೆ ಗೊತ್ತಾಗ್ಬೇಕಲ್ಲ ಅಮ್ಮ, ಗಾಡಿ ಏನು ಹೇಳ್ತಾ ಉಂಟು ಅಂತ. ನಡುವೆ ರಬ್ಬರ್ ಇಟ್ರೆ ಹೇಗೆ ಕೇಳ್ತದೆ?" ಅನ್ನುತ್ತಿದ್ದರು.

ಉಡುಪಿಯ ಕಡೆಯವರು. ನಮ್ಮ ಜೊತೆ ಬೆಂಗಳೂರಿನವರ ಹಾಗೆ ಮಾತಾಡಲು ನೋಡುತ್ತಿದ್ದರು. ಖುಷಿಯಾದರೆ ಮಾತ್ರ ಆ 'ಉಂಟು' ಹೊರಗೆ ಬಂದುಬಿಡುತ್ತಿತ್ತು. ಪಾಯಾ ಲೆಬಾರ್ ಹತ್ತಿರದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿ ತಲೆ ನರೆಸಿಕೊಂಡು, ಈಗ ಹೆಂಡತಿಯ ಜೊತೆ ನಮ್ಮ ಕೆಳಗಿನ ಮನೆಯಲ್ಲಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವರು. ಆದರೂ ಎಲ್ಲರೂ ಅಂಕಲ್ ಅಂತಾರಲ್ಲ ಎಂದು ನಾನೂ ಅಂಕಲ್ ಎಂದೇ ಕರೆದೆ. ನಾನು ಓದಿದ್ದು ಮೂರನೇ ಕ್ಲಾಸು. ಮಗಳ ಮನೆಗೆಂದು ಈ ಊರಿಗೆ ಬಂದ ಹೊಸದರಲ್ಲಿ ಕೆಳಗೆ ವಾಯ್ಡ್ ಡೆಕ್ಕಿನ, ಅಂದರೆ ಬ್ಲಾಕಿನಡಿಯ ತೆರೆದ ಜಾಗದ, ಕಲ್ಲುಮೇಜಿನ ಹತ್ತಿರ ಸುಮ್ಮನೆ ಕೂತಿರುತ್ತಿದ್ದೆ. "ತಿಂಡಿ ಆಯ್ತಾ ಅಮ್ಮ?" ಎಂದು ಅಲ್ಲಿ ಕೇಳಿದವರು ಅವರೊಬ್ಬರೇ.

ಅದೇ ಕಲ್ಲುಮೇಜು ನನ್ನ ಮೊಮ್ಮಗಳಿಗೆ ಶಾಲೆಯಾಯಿತು. ಹುಡುಗಿಗೆ ಚಿಕ್ಕಂದಿನಿಂದ ಕಾರಿನ ಹುಚ್ಚು. ರಸ್ತೆಯ ಸದ್ದು ಕೇಳಿಯೇ ಇದು ಇಂಥ ಗಾಡಿ ಅನ್ನುತ್ತಿದ್ದಳು. ಅಂಕಲ್ ಕಣ್ಣು ಮುಚ್ಚಿ ಕೇಳಿ, "ಸರಿ. ಆದರೆ ಅದಕ್ಕೆ ಕೆಮ್ಮು ಉಂಟು, ಅದನ್ನು ನೀನು ಹೇಳ್ಲಿಲ್ಲ" ಎಂದು ನಗುತ್ತಿದ್ದರು. ಲೈಸೆನ್ಸ್ ಬಂದ ದಿನ ಅವಳು ಮೊದಲು ಮಿಠಾಯಿ ಕೊಟ್ಟದ್ದು ಅವರಿಗೆ, ಆಮೇಲೆ ನನಗೆ.

ಒಂದು ಮಧ್ಯಾಹ್ನ ಅವಳು ನನ್ನನ್ನು ದೇವಸ್ಥಾನದಿಂದ ಕರೆತರುತ್ತಿದ್ದಳು. ಇಲ್ಲಿಯ ಮಳೆ ಗೊತ್ತಲ್ಲ, ಬಕೆಟ್ಟು ಬೋರಲು ಹಾಕಿದ ಹಾಗೆ. ಎಕ್ಸ್‌ಪ್ರೆಸ್‌ವೇ ಮೇಲೆ ಕಾರು ಜಾರಿತು, ಪಕ್ಕದ ತಡೆಗೋಡೆಗೆ ಹೋಗಿ ಗುದ್ದಿತು. ಅವಳಿಗೆ ಏನೂ ಆಗಲಿಲ್ಲ. ನನ್ನ ಎಡಗೈ ಮಣಿಕಟ್ಟು ಮುರಿಯಿತು. ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ದೋಸೆ ಮಗುಚಲು ಈಗಲೇ ಅನುಕೂಲ ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಕಾರಿನ ಕೀ ಗೋಡೆಯ ಮೊಳೆಗೆ ಹೋಯಿತು. ಒನ್-ನಾರ್ತ್‌ನ ಆಫೀಸಿಗೆ ಎಂಆರ್‌ಟಿ ರೈಲಿನಲ್ಲೇ ಓಡಾಡಿದಳು. ಅದು ಹೋಗಲಿ. ಊಟಕ್ಕೆ ಕೂತಾಗ ನನ್ನ ಎಡಗೈ ಎಲ್ಲಿದೆಯೋ ಆ ಕಡೆ ಅವಳ ಕಣ್ಣು ಬರುತ್ತಿರಲಿಲ್ಲ. ಒಂದು ವರ್ಷ. ಮೂಳೆ ಮುರಿದದ್ದು ಆ ನೋವಿನ ಮುಂದೆ ಏನೂ ಅಲ್ಲ.

ಅಂಕಲ್ ಏನೂ ಬುದ್ಧಿ ಹೇಳಲಿಲ್ಲ. ಒಂದು ಸಂಜೆ ಮೇಜಿನ ಹತ್ತಿರ ಅವಳನ್ನು ನಿಲ್ಲಿಸಿದರು.

"ನಮ್ಮ ಕಾರ್ ಕ್ಲಬ್ಬಿನವರು ವೀಕೆಂಡಿಗೆ ಜಪಾನಿಗೆ ಹೋಗ್ತಿದ್ದಾರೆ. ಹೆಪ್ಪುಗಟ್ಟಿದ ಕೆರೆ ಮೇಲೆ ಡ್ರೈವಿಂಗ್. ನಿನ್ನ ಹೆಸರು ಕೊಟ್ಟಿದ್ದೇನೆ."

"ಮಳೇಲೇ ಆಗ್ಲಿಲ್ಲ, ಐಸ್ ಮೇಲಾ? ಅಂಕಲ್, ಆರ್ ಯು ಸೀರಿಯಸ್?"

"ಈ ಊರಲ್ಲಿ ಜಾರೋದು ಕಲೀಲಿಕ್ಕೆ ಎಲ್ಲಿ ಜಾಗ ಉಂಟು? ಎಲ್ಲಾ ಕಡೆ ಗೋಡೆ, ಕಂಬ, ಕ್ಯಾಮೆರಾ. ಅಲ್ಲಿ ಜಾರಲಿಕ್ಕೆ ಅಂತಲೇ ಟ್ರ್ಯಾಕ್ ಮಾಡಿದ್ದಾರೆ ಮಾರಾಯ್ತಿ."

"ನನ್ ಕೈಲಿ ಆಗಲ್ಲ ಲಾ."

"ಆಗದಿದ್ರೆ ಕೂತು ನೋಡು. ಅಮ್ಮನೂ ಬರ್ತಾರೆ."

ನನ್ನನ್ನು ಯಾರೂ ಕೇಳಿಯೇ ಇರಲಿಲ್ಲ! ಆದರೆ ಬಾಯಿ ತಾನಾಗಿ "ಹೂಂ, ಬರ್ತೀನಿ" ಅಂದುಬಿಟ್ಟಿತು.

ಆ ಕೆರೆಯನ್ನು ಹೇಗೆ ಹೇಳಲಿ? ಕಣ್ಣು ಹೋದಷ್ಟು ದೂರ ಬಿಳುಪು, ಹಾಲು ಕೆನೆಗಟ್ಟಿದ ಹಾಗೆ. ಅದರ ಮೇಲಿನ ಹಿಮ ಗೋರಿ ತೆಗೆದು ಹಾವಿನಂಥ ದಾರಿ ಮಾಡಿದ್ದರು, ಎರಡೂ ಬದಿಗೆ ಹಿಮದ್ದೇ ದಂಡೆ. ಕಾಲ ಕೆಳಗೆ ಮೀನು ಓಡಾಡುತ್ತಿರಬಹುದು ಎಂದು ನೆನೆದು ನಾನು ಬೆಕ್ಕಿನ ಹೆಜ್ಜೆ ಇಟ್ಟೆ. ಕ್ಲಬ್ಬಿನ ಹುಡುಗರು ಹುಡುಗಿಯರು ಬಾಡಿಗೆ ಕಾರುಗಳಲ್ಲಿ ಗಿರಗಿರ ತಿರುಗಿ ಕಿರುಚುತ್ತಿದ್ದರು. ಅಂಕಲ್ ಆ ಚಳಿಯಲ್ಲೂ ಬಲಗಾಲಿನ ಬೂಟು ಬಿಚ್ಚಿ, ಉಣ್ಣೆಯ ಕಾಲುಚೀಲದಲ್ಲಿ ಗಾಡಿ ಓಡಿಸಿದರು. ಬೂಟು ಮಾತ್ರ ಕೆರೆಯ ಮೇಲೆ ಒಂಟಿಯಾಗಿ ನಿಂತಿತ್ತು. ಮೊದಲ ದಿನ ಮೊಮ್ಮಗಳು ಅವರ ಪಕ್ಕ ಕೂತಳಷ್ಟೆ, ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು.

ಎರಡನೇ ದಿನ ಬೆಳಿಗ್ಗೆ, ಒಂದೇ ಸುತ್ತು ಎಂದು ಕರಾರು ಹಾಕಿ ಸ್ಟೀರಿಂಗ್ ಮುಂದೆ ಕೂತಳು. ನಾನು ಬಿಡುತ್ತೇನೆಯೇ? ಸಿಂಗಾಪುರದಿಂದ ನಾಲ್ಕು ನಿಂಬೆಹಣ್ಣು ತಂದಿದ್ದೆ. ಕಾರಿನ ಹಿಂದುಗಡೆ ಇಟ್ಟಿದ್ದ ಚೀಲದಿಂದ ತೆಗೆದು, ಮುಂದಿನ ಚಕ್ರದ ಕೆಳಗೆ ಒಂದನ್ನು ಇಟ್ಟು ಕೈ ಮುಗಿದೆ. ಅದು ಚಳಿಗೆ ಕಲ್ಲಾಗಿರುವುದನ್ನು ನಾನು ಯೋಚಿಸಿರಲಿಲ್ಲ. ಚಕ್ರ ಉರುಳಿತು. ನಿಂಬೆಹಣ್ಣು ಒಡೆಯಲಿಲ್ಲ; ಟಣ್ಣನೆ ಚಿಮ್ಮಿ, ಗೋಲಿಯ ಹಾಗೆ ಮಂಜಿನ ಮೇಲೆ ಜಾರುತ್ತ, ಜಾರುತ್ತ, ಅರ್ಧ ಕೆರೆ ದಾಟಿ ಹಿಮದ ದಂಡೆಗೆ ಬಡಿಯಿತು. ಕ್ಲಬ್ಬಿನವರೆಲ್ಲ ಚಪ್ಪಾಳೆ ಹೊಡೆದರು. "ಅಜ್ಜಿ ಗೋಲ್!" ಎಂದು ಯಾರೋ ಕೂಗಿದರು. ವರ್ಷದಿಂದ ನಗದ ಮೊಮ್ಮಗಳು ಸ್ಟೀರಿಂಗಿಗೆ ಹಣೆಯಿಟ್ಟು ನಕ್ಕಳು. ನಾನು ಮಾತ್ರ, ಇದೇನು ಶಕುನವಪ್ಪಾ ಎಂದು ಇನ್ನೊಮ್ಮೆ ಕೈ ಮುಗಿದೆ.

ಅಂಕಲ್ ಹೊರಗಿನಿಂದ ಕಿಟಕಿಗೆ ಬಗ್ಗಿ ಅವಳನ್ನು ಕೇಳಿದರು: "ನಿನ್ನ ಕಣ್ಣು ಎಲ್ಲಿಗೆ ಹೋಯ್ತು?"

"ನಿಂಬೆಹಣ್ಣಿನ ಹಿಂದೆ."

"ಎಲ್ಲಿವರೆಗೆ?"

"ಗೋಡೆವರೆಗೆ."

"ಅವತ್ತು ಮಳೆಯಲ್ಲೂ ಅದೇ ಆದದ್ದು. ನೀನು ಗೋಡೆ ನೋಡಿದೆ, ಕೈ ಅಲ್ಲಿಗೇ ತಿರುಗಿತು. ಜಾರುವಾಗ ಜಾರೋ ಕಡೆ ನೋಡ್ಬಾರ್ದು. ಹೋಗ್ಬೇಕಾದ ಕಡೆ ನೋಡ್ಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ಅಮ್ಮ, ನಿಮ್ಮ ಹತ್ರ ಕೆಂಪು ಸೀರೆ ಉಂಟಾ?"

ಇತ್ತು. ಅದನ್ನೇ ಜಾಕೆಟ್ಟಿನ ಮೇಲೆ ಸುತ್ತಿ, ದೊಡ್ಡ ತಿರುವಿನ ಆಚೆ, ದಂಡೆಗೂ ಹಿಂದಿದ್ದ ಎತ್ತರದ ಅಟ್ಟಣೆಯ ಮೇಲೆ ನನ್ನನ್ನು ನಿಲ್ಲಿಸಿದರು. ಕೈಗೆ ಒಂದು ವಾಕಿಟಾಕಿ ಕೊಟ್ಟು, ಅವಳ ಪಕ್ಕ ಹೋಗಿ ಕೂತರು. ಅಷ್ಟು ಬಿಳುಪಿನಲ್ಲಿ ಕೆಂಪಗೆ ಇದ್ದದ್ದು ನಾನೊಬ್ಬಳೇ.

ಮೊದಲ ಸಲ ಕಾರು ತಿರುವಿನಲ್ಲಿ ಬುಗುರಿಯಾಯಿತು. ಎರಡನೇ ಸಲ ದಂಡೆಯೊಳಗೆ ಮೂತಿ ಇಟ್ಟಿತು. ವಾಕಿಟಾಕಿಯಲ್ಲಿ ಅವಳ ಅಳು ಕೇಳಿತು. "ಆಗಲ್ಲ ಅಂಕಲ್, ಅಜ್ಜಿ ಅಲ್ಲೇ ನಿಂತಿದಾರೆ, ನಂಗೆ ಆಗಲ್ಲ."

"ಒಂದೇ ಸುತ್ತು ಅಂದಿದ್ದೆ. ಆ ಸುತ್ತು ಇನ್ನೂ ಮುಗ್ದಿಲ್ಲ" ಅಂದರು ಅಂಕಲ್. ಧ್ವನಿ ಏರಲಿಲ್ಲ. "ಅಮ್ಮ, ಎಡಗೈ ಎತ್ತಿ."

ಎತ್ತಿದೆ. ಆ ಸೊಟ್ಟ ಕೈಯನ್ನೇ, ಎಷ್ಟು ಎತ್ತರಕ್ಕೆ ಆಗುತ್ತದೋ ಅಷ್ಟು.

ಕಾರು ಬಂತು. ಹಿಂಭಾಗ ಜಾರಿತು. "ಗೋಡೆ ಬೇಡ. ಬ್ರೇಕ್ ಬೇಡ. ಅಮ್ಮನ ಕೈ ನೋಡು. ಕೈ ನೋಡು. ಕೈ ನೋಡು ಮಗಾ." ಮೂತಿ ನಿಧಾನಕ್ಕೆ ನನ್ನ ಕಡೆ ತಿರುಗಿತು. ಗಾಜಿನ ಹಿಂದೆ ಅವಳ ಕಣ್ಣು ನನಗೆ ಕಾಣಿಸಿತು, ನೇರ ನನ್ನ ಕೈಯ ಮೇಲೆ. ಒಂದು ವರ್ಷದ ಮೇಲೆ. ಕಾರು ತಿರುವು ದಾಟಿ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಎಷ್ಟು ಸುತ್ತೋ! ನಾನು ಕೈ ಇಳಿಸಲೇ ಇಲ್ಲ. ಕಣ್ಣೀರು ಕೆನ್ನೆಯ ಮೇಲೆ ಸುಯ್ಯನೆ ತಣ್ಣಗಾಗುತ್ತಿತ್ತು. ನಗುತ್ತಿದ್ದೆನೋ ಅಳುತ್ತಿದ್ದೆನೋ ಆ ದೇವರಿಗೇ ಗೊತ್ತು.

ಇಳಿದು ಬಂದವಳು ನನ್ನ ಎಡಗೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡು ಉಜ್ಜಿದಳು. ಅಂಕಲ್ ಆ ಕಡೆ ಒಂಟಿಕಾಲಲ್ಲಿ ಕುಂಟುತ್ತ, ಹಿಮ ತುಂಬಿದ ತಮ್ಮ ಬೂಟನ್ನು ನೆಲಕ್ಕೆ ಕುಟ್ಟುತ್ತಿದ್ದರು.

ಮರುವರ್ಷ ಡಿಸೆಂಬರಿನ ಮಳೆಯಲ್ಲಿ ಅವರು ಹೋದರು. ಬೆಳಗಿನ ಕಾಫಿ ಕುಡಿದು, ಪೇಪರ್ ಹಿಡಿದು ಕೂತವರು ಹಾಗೇ. ಅಂತ್ಯಕ್ರಿಯೆಗೆ ಹೊರಟಾಗ ಮಳೆ ಸುರಿಯುತ್ತಿತ್ತು. ಮಗಳು ಟ್ಯಾಕ್ಸಿ ಬುಕ್ ಮಾಡುತ್ತೇನೆ ಎಂದಳು. ಮೊಮ್ಮಗಳು ಮೊಳೆಯಿಂದ ಕೀ ತೆಗೆದುಕೊಂಡಳು. ಅದೇ ಎಕ್ಸ್‌ಪ್ರೆಸ್‌ವೇ, ಅದೇ ಬಗೆಯ ಮಳೆ. ನಾನು ಅವಳ ಪಕ್ಕ ಕೂತು, ಗೊತ್ತಿಲ್ಲದೆ ಎಡಗೈ ಮೇಲೆತ್ತಿದ್ದೆ.

"ಅಜ್ಜಿ, ಕೈ ಇಳ್ಸು. ಮಿರರ್ ಕಾಣ್ತಿಲ್ಲ" ಅಂದಳು.

ಇಳಿಸಿದೆ. ಬೆಣ್ಣೆಯ ಹಾಗೆ ಓಡಿಸಿದಳು. ಅಂಥ ದಿನ ಇಷ್ಟು ಸಂತೋಷಪಡಬಹುದೇ ಎಂದು ನನಗೇ ನಾಚಿಕೆಯಾಯಿತು. ಅಂಕಲ್ ಇದ್ದಿದ್ದರೆ, ಸಂತೋಷ ಪಡಿ ಅಮ್ಮ, ಅನ್ನುತ್ತಿದ್ದರು.

ಅವರನ್ನು ಕಳಿಸಿಕೊಟ್ಟು ಕಾರ್ ಪಾರ್ಕಿಗೆ ಮರಳಿದೆವು. ನಮ್ಮ ಖಾಲಿ ಜಾಗದ ನಡುವೆ ಒಂದು ಚಪ್ಪಲಿ ಬಿದ್ದಿತ್ತು. ಬಲಗಾಲಿನದು, ಅವಳದು.