ಭಾನುವಾರ ಊದುತ್ತಿದ್ದ ರೆಪ್ಪೆ

ಈ ಪ್ರಕರಣಕ್ಕೆ ನಾನು ತೆತ್ತದ್ದು ಒಂದು ಶುಕ್ರವಾರದ ಸಂಜೆ. ಸ್ವಂತ ಕ್ಲಿನಿಕ್ ಇಟ್ಟುಕೊಂಡ ಡಾಕ್ಟರಿಗೆ ಸಂಜೆಯೇ ದುಡಿಮೆಯ ಹೊತ್ತು. ಅಂಥ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಹೋದರೆ ಬಂದವರು ಎದುರು ಬೀದಿಯ ಡಾಕ್ಟರ ಹತ್ತಿರ ಹೋಗುತ್ತಾರೆ, ಕೆಲವರು ಅಲ್ಲೇ ಉಳಿದುಬಿಡುತ್ತಾರೆ. ಆದರೂ ಹೋದೆ. ಕ್ಲಿನಿಕ್‌ನಲ್ಲಿ ಕೂತು ಎಷ್ಟು ಪ್ರಶ್ನೆ ಕೇಳಿದರೂ ಸಿಗದ ಉತ್ತರ ಆ ಮನೆಯಲ್ಲಿ ಸಿಗಬಹುದು ಅನ್ನಿಸಿತ್ತು. ಸಿಗದಿದ್ದರೆ ಎಂಟು ವರ್ಷದ ಒಂದು ಹುಡುಗಿಯ ದೃಷ್ಟಿಗೆ ಸಂಚಕಾರವಿತ್ತು.

ಅದು ೧೯೯೮ರ ಆರಂಭ. ಚಾಮರಾಜಪೇಟೆಯಲ್ಲಿ ನಾನು ಕಣ್ಣಿನ ಡಾಕ್ಟರಾಗಿ ಬೋರ್ಡು ಹಾಕಿ ಹತ್ತು ವರ್ಷ ದಾಟಿತ್ತು. ನಮ್ಮ ತಂದೆಗೆ ಕಾಟನ್‌ಪೇಟೆಯಲ್ಲಿ ಹಗ್ಗ, ಗೋಣಿಚೀಲದ ಪುಟ್ಟ ಅಂಗಡಿ. ನಾನು ಮೆಡಿಕಲ್ ಓದಿದ್ದು ಆ ಮೂಟೆಗಳ ಮೇಲೆ ಕೂತು. ರೆಟಿನಾದ ಪದರಗಳನ್ನು ಕಾಲೇಜಿನಲ್ಲಿ ಕಲಿತೆ. ಎದುರಿಗಿರುವವನಿಗೆ ನಿಜವಾಗಿ ಬೇಕಾದ್ದೇನು, ಯಾವುದನ್ನು ಬಿಟ್ಟುಕೊಟ್ಟಾನು ಎಂಬುದನ್ನು ಕಲಿತದ್ದು ಅಂಗಡಿಯಲ್ಲಿ. ವೃತ್ತಿಯಲ್ಲಿ ಎರಡನೆಯ ವಿದ್ಯೆ ಮೊದಲನೆಯದಕ್ಕಿಂತ ಕಡಿಮೆ ಉಪಯೋಗಕ್ಕೆ ಬಂದಿದೆ ಎಂದು ನಾನು ಹೇಳಲಾರೆ.

ಹುಡುಗಿಯ ಹೆಸರು ಪಲ್ಲವಿ. ಬಸವನಗುಡಿಯವರು. ಕರೆದುಕೊಂಡು ಬಂದವರು ತಾಯಿ ಗಾಯತ್ರಿ, ಹೈಸ್ಕೂಲ್ ಟೀಚರ್. ಜೊತೆಗೆ ಗಾಯತ್ರಿಯ ಅತ್ತೆ ಜಯಲಕ್ಷ್ಮಮ್ಮ. ಮಗುವಿನ ಕಣ್ಣಿನ ರೆಪ್ಪೆ ಐದು ತಿಂಗಳಿಂದ ಊದುತ್ತಿದೆ, ಇಳಿಯುತ್ತಿದೆ, ಮತ್ತೆ ಊದುತ್ತಿದೆ. ಹೆಚ್ಚಾಗಿ ಎಡಗಣ್ಣು. ಮೊದಲ ಸಲ ಊದಿದಾಗ ಯಾರೋ ಡಾಕ್ಟರು ಒಂದು ವಾರಕ್ಕೆಂದು ಸ್ಟೀರಾಯ್ಡ್ ಡ್ರಾಪ್ಸ್ ಬರೆದಿದ್ದರು. ಹಾಕಿದರೆ ಬಾವು ಇಳಿಯಿತು. ಅಂದಿನಿಂದ ಅದೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರ್‌ನಲ್ಲಿ ಬಾಟಲಿ ಮೇಲೆ ಬಾಟಲಿ ತರುತ್ತಿದ್ದರು.

ಸ್ಟೀರಾಯ್ಡ್ ಎಂದರೆ ಬಾವನ್ನು ಬೇಗ ಇಳಿಸುವ ಔಷಧಿ. ಒಳ್ಳೆಯ ಔಷಧಿಯೇ. ಆದರೆ ತಿಂಗಳುಗಟ್ಟಲೆ ಕಣ್ಣಿಗೆ ಬಿಟ್ಟರೆ ಕೆಲವರಲ್ಲಿ, ಮಕ್ಕಳಲ್ಲಂತೂ ಬೇಗ, ಕಣ್ಣಿನೊಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದರೆ ನೋವಾಗುವುದಿಲ್ಲ, ಮಂಜಾಗುವುದೂ ಇಲ್ಲ. ಸದ್ದಿಲ್ಲದೆ ಕಣ್ಣಿನ ನರ ಒಣಗುತ್ತಾ ಹೋಗುತ್ತದೆ. ಒಣಗಿದ ನರ ಮತ್ತೆ ಚಿಗುರುವುದಿಲ್ಲ. ಈ ಒತ್ತಡ ಸಾಮಾನ್ಯವಾಗಿ ಇಪ್ಪತ್ತೊಂದರ ಒಳಗಿರಬೇಕು. ಪಲ್ಲವಿಯ ಎಡಗಣ್ಣಿನಲ್ಲಿ ಇಪ್ಪತ್ತೆಂಟು ಇತ್ತು. ನರಕ್ಕೆ ಇನ್ನೂ ಪೆಟ್ಟಾಗಿರಲಿಲ್ಲ.

"ಈ ಡ್ರಾಪ್ಸ್ ಇವತ್ತಿಂದಾನೇ ನಿಲ್ಲಿಸ್ಬೇಕು" ಎಂದೆ.

"ನಿಲ್ಸಿದ್ರೆ ಮಗು ಕಣ್ಣೇ ಬಿಡಲ್ಲ ಸಾರ್. ಪರೀಕ್ಷೆ ಬೇರೆ ಹತ್ರ ಬಂತು" ಎಂದರು ಗಾಯತ್ರಿ.

ಊದಿದ ರೆಪ್ಪೆಗೆ ಕಾರಣ ಹತ್ತಾರು. ಮೂತ್ರಪಿಂಡದ ತೊಂದರೆಯಿದ್ದರೆ ಬೆಳಿಗ್ಗೆ ಎದ್ದಾಗ ಎರಡೂ ಕಣ್ಣು ಊದಿರುತ್ತವೆ. ಮೂತ್ರ ಪರೀಕ್ಷೆ ಮಾಡಿಸಿದೆ, ಸರಿಯಿತ್ತು. ಕಣ್ಣಿನ ಕುರುವಾಗಿದ್ದರೆ ಒಂದು ಕಡೆ ಗಂಟು ಸಿಗುತ್ತದೆ, ಸಿಗಲಿಲ್ಲ. ರೆಪ್ಪೆ ಮಗುಚಿ ನೋಡಿದೆ, ಒಳಗಿನ ಪೊರೆ ತಿಳಿಯಾಗಿತ್ತು. ಹೊರಗಿನ ಚರ್ಮ ಮಾತ್ರ ಒಣಗಿ, ಸಣ್ಣಗೆ ಹೊಟ್ಟೆದ್ದು, ತುಸು ಕಪ್ಪಾಗಿತ್ತು. ಅಂದರೆ ಹೊರಗಿನಿಂದ ಏನೋ ತಾಗುತ್ತಿದೆ, ಅದು ಚರ್ಮಕ್ಕೆ ಒಗ್ಗುತ್ತಿಲ್ಲ. ಕಾಂಟ್ಯಾಕ್ಟ್ ಅಲರ್ಜಿ. ಮೈಯಲ್ಲೆಲ್ಲ ಅತಿ ತೆಳ್ಳಗಿನ ಚರ್ಮ ರೆಪ್ಪೆಯದು; ಬೇರೆಲ್ಲೂ ಏನೂ ಮಾಡದ ವಸ್ತು ಅಲ್ಲಿ ಗಲಾಟೆ ಎಬ್ಬಿಸುತ್ತದೆ.

ಮನೆಯವರು ಅದುವರೆಗೆ ಬದನೆಕಾಯಿ, ಕಡಲೆಕಾಯಿ, ಹಾಲು, ಎಲ್ಲ ಬಿಡಿಸಿ ಮಗುವನ್ನು ಸೊರಗಿಸಿದ್ದರು. "ಊಟ ಎಲ್ಲಾ ಕೊಡಿ. ಕಣ್ಣಿನ ಹತ್ರ ಏನೇನು ಹಚ್ತೀರಿ, ಅದು ಹೇಳಿ" ಎಂದೆ.

ಕೇಳಿದ್ದೇ ತಡ, ಅತ್ತೆ ಸೊಸೆ ಇಬ್ಬರಿಗೂ ಉತ್ತರ ಸಿದ್ಧವಾಗಿತ್ತು.

"ಇವಳು ತಲೆಗೆ ಹಾಕ್ತಾಳಲ್ಲ, ನೊರೆನೊರೆ ಶಾಂಪೂ, ಅದೇ ಡಾಕ್ಟ್ರೇ. ನಾವೆಲ್ಲ ಸೀಗೇಕಾಯಲ್ಲಿ ಬೆಳೆದೋರು. ಯಾರ ಕಣ್ಣು ಊದಿತ್ತು ಹೇಳಿ?"

"ಅಮ್ಮ ಮನೇಲೇ ಕಾಡಿಗೆ ಮಾಡಿ ಹಚ್ತಾರೆ ಸಾರ್. ಹರಳೆಣ್ಣೆ ದೀಪದ ಮಸಿ. ಬೇಡಿ ಅಂದ್ರೆ ಕೇಳಲ್ಲ."

"ಆ ಕಾಡಿಗೆ ನಿನ್ನ ಗಂಡನಿಗೂ ಹಚ್ಚಿದೀನಿ ಕಣೇ. ಈ ವಯಸ್ಸಲ್ಲೂ ಕನ್ನಡಕ ಇಲ್ಲದೆ ಪೇಪರ್ ಓದ್ತಾನೆ!"

ಕಾಡಿಗೆ, ಶಾಂಪೂ ಎರಡನ್ನೂ ನಿಲ್ಲಿಸಿದೆ. ನನ್ನ ಅನುಮಾನ ಕಾಡಿಗೆಯ ಮೇಲೇ ಇತ್ತು. ಎರಡು ವಾರ ಬಿಟ್ಟು ಬಂದರು. ರೆಪ್ಪೆ ಎರಡು ಸಲ ಊದಿತ್ತು, ಎರಡೂ ಸಲ ಭಾನುವಾರ. ಒತ್ತಡ ಒಂದಿಷ್ಟೂ ಇಳಿದಿರಲಿಲ್ಲ. ಕೆದಕಿ ಕೇಳಿದರೆ ಗಾಯತ್ರಿ ತಲೆ ತಗ್ಗಿಸಿದರು: "ಸೋಮವಾರ ಸ್ಕೂಲು ಸಾರ್. ಊದಿದ ಕಣ್ಣಲ್ಲಿ ಹೋದ್ರೆ ಮಕ್ಕಳು 'ಕಪ್ಪೆ, ಕಪ್ಪೆ' ಅಂತಾರಂತೆ. ಇವಳು ಅಳ್ತಾಳೆ. ಅದಕ್ಕೇ ಡ್ರಾಪ್ಸ್ ಹಾಕ್ದೆ."

ಬೈದು ಪ್ರಯೋಜನವಿರಲಿಲ್ಲ. ರೆಪ್ಪೆ ಊದುತ್ತಿರುವ ತನಕ ಆ ಮನೆಯಲ್ಲಿ ಡ್ರಾಪ್ಸ್ ನಿಲ್ಲುವುದಿಲ್ಲ, ಡ್ರಾಪ್ಸ್ ನಿಲ್ಲದೆ ಒತ್ತಡ ಇಳಿಯುವುದಿಲ್ಲ. ಕಣ್ಣು ಉಳಿಸಬೇಕಾದರೆ ಊತದ ಕಾರಣ ಸಿಗಲೇಬೇಕು.

ಆಮೇಲೆ ಪ್ರಶ್ನೆಯನ್ನು ತಿರುವಿ ಕೇಳಿದೆ: ಊದದೇ ಇದ್ದದ್ದು ಯಾವಾಗ? ಗಾಯತ್ರಿ ಯೋಚಿಸಿ, ದಸರಾ ರಜದಲ್ಲಿ ಎಂದರು. ಮಗು ಮಲ್ಲೇಶ್ವರದ ಸೋದರಮಾವನ ಮನೆಯಲ್ಲಿ ಎರಡು ವಾರ ಇತ್ತು. ಡ್ರಾಪ್ಸ್ ಬಾಟಲಿ ಬಸವನಗುಡಿಯ ಮನೆಯಲ್ಲೇ ಮರೆತು ಹೋಗಿದ್ದರೂ ಒಮ್ಮೆಯೂ ಊದಲಿಲ್ಲ.

ಜಯಲಕ್ಷ್ಮಮ್ಮನವರಿಗೆ ಕೋಪ ಬಂತು. "ಅಂದ್ರೇನು, ನಮ್ಮನೇಲಿ ವಿಷ ಇದೆಯಾ?"

"ಗೊತ್ತಿಲ್ಲಮ್ಮ. ಕರೆದ್ರೆ ನಾನೇ ಬಂದು ನೋಡ್ತೀನಿ."

ಕರೆಯದಿರಲು ಅವರಿಗೆ ದಾರಿಯಿರಲಿಲ್ಲ. ಶುಕ್ರವಾರವೇ ಬರುತ್ತೇನೆಂದೆ, ಅದಕ್ಕೆ ಲೆಕ್ಕಾಚಾರವಿತ್ತು. ಕಾಂಟ್ಯಾಕ್ಟ್ ಅಲರ್ಜಿ ತಾಗಿದ ಕೂಡಲೇ ಕಾಣಿಸುವಂಥದ್ದಲ್ಲ. ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಮನೆಯವರು ಭಾನುವಾರದ ಊತಕ್ಕೆ ಭಾನುವಾರದ ಅಡುಗೆಯಲ್ಲಿ ಕಾರಣ ಹುಡುಕುತ್ತಿದ್ದರು. ನಾನು ಹುಡುಕಬೇಕಾದದ್ದು ಅದಕ್ಕೆ ಎರಡು ದಿನ ಹಿಂದೆ.

ಹಳೆಯ ಕಾಲದ, ತಂಪಾದ ಮನೆ. ಬಚ್ಚಲಿನ ಸೋಪು, ದಿಂಬಿನ ಬಟ್ಟೆ, ಮಗುವಿನ ಕ್ರೇಯಾನ್ ಡಬ್ಬಿ, ಎಲ್ಲ ನೋಡಿದೆ. ಏನೂ ಸಿಗಲಿಲ್ಲ. ಕಾಫಿ ಕೊಟ್ಟರು. ಕುಡಿಯುತ್ತಿದ್ದಾಗ ದೀಪ ಹಚ್ಚುವ ಹೊತ್ತಾಯಿತು. ಜಯಲಕ್ಷ್ಮಮ್ಮ ಪೂಜೆ ಮುಗಿಸಿ, ದೇವರ ಪಟದಿಂದ ಒಂದು ಹಳದಿ ಸೇವಂತಿಗೆ ತೆಗೆದರು.

"ಬಾರೇ ಪುಟ್ಟಿ, ಕಣ್ಣಿಗೆ ಒತ್ಕೋ."

ಮಗು ಬಂದು ಕಣ್ಣು ಮುಚ್ಚಿ ನಿಂತಿತು. ಅಭ್ಯಾಸವಾಗಿದ್ದ ಕೆಲಸ. ಒತ್ತಿಕೊಂಡದ್ದು ಮಗುವಲ್ಲ, ಒತ್ತಿದ್ದು ಅಜ್ಜಿ. ಎಡಗೈಯಲ್ಲಿ ತಲೆ ಹಿಡಿದು, ಬಲಗೈಯ ಹೂವನ್ನು ಎಡಗಣ್ಣಿನ ಮೇಲಿಟ್ಟು, ತುಟಿ ಅಲ್ಲಾಡಿಸುತ್ತಾ ದೀರ್ಘವಾಗಿ ಒತ್ತಿದರು. ಬಲಗಣ್ಣಿಗೆ ಸುಮ್ಮನೆ ತಾಗಿಸಿದರು. ನಜ್ಜುಗುಜ್ಜಾದ ಹೂವನ್ನು ಮಗುವಿನ ಜಡೆಗೆ ಸಿಕ್ಕಿಸಿದರು.

ನಾನು ಲೋಟ ಕೆಳಗಿಟ್ಟೆ. "ಎಡಗಣ್ಣಿಗೆ ಯಾಕಮ್ಮ ಅಷ್ಟು ಹೊತ್ತು?"

"ಹೆಚ್ಚು ಊದೋದು ಅದೇ ಅಲ್ವಾ? ಅದಕ್ಕೇ."

"ಮೊದಲಿಂದಾನೂ ಪ್ರತಿ ಶುಕ್ರವಾರ ಹೀಗೆ ಮಾಡ್ತಿದ್ರಾ?"

"ಇಲ್ಲಪ್ಪ, ಮುಂಚೆ ಹಬ್ಬಕ್ಕೆ ಮಾತ್ರ. ವರಮಹಾಲಕ್ಷ್ಮಿ ಹಬ್ಬ ಆದ್ಮೇಲೆ ಕಣ್ಣು ಊದ್ತಲ್ಲ, ಆಗಿಂದ ಒಂದು ಶುಕ್ರವಾರಾನೂ ಬಿಟ್ಟಿಲ್ಲ. ನಿಮ್ಮ ಔಷಧಿ ಜೊತೆಗೆ ಆ ಲಕ್ಷ್ಮಿ ದಯೆಯೂ ಬೇಕಲ್ಲ?"

ಸೇವಂತಿಗೆಯ ರಸ ಕೆಲವರ ಚರ್ಮಕ್ಕೆ ಆಗುವುದಿಲ್ಲ ಎಂಬುದು ಪಠ್ಯಪುಸ್ತಕದ ಮಾತು. ಹೂವು ಕಟ್ಟುವವರ ಬೆರಳು ಒಡೆದು ಹೊಟ್ಟೇಳುವುದನ್ನು ಕೆ.ಆರ್. ಮಾರುಕಟ್ಟೆ ಕಡೆಯಿಂದ ಬರುತ್ತಿದ್ದ ಪೇಷೆಂಟುಗಳಲ್ಲಿ ನೋಡಿದ್ದೆ. ಅದೇ ಹೂವು ಮಗುವಿನ ರೆಪ್ಪೆಯ ಮೇಲೆ ಬರಬಹುದೆಂದು ಹೊಳೆದಿರಲಿಲ್ಲ. ಕಣ್ಣು ಊದಿದಷ್ಟೂ ಅಜ್ಜಿ ಒತ್ತುತ್ತಿದ್ದರು, ಒತ್ತಿದಷ್ಟೂ ಊದುತ್ತಿತ್ತು.

ಆದರೆ ಇದು ನನ್ನ ಊಹೆ ಅಷ್ಟೇ. ದೇವರ ಹೂವಿನಿಂದ ಮೊಮ್ಮಗಳ ಕಣ್ಣು ಕೆಡುತ್ತಿದೆ ಎಂದು ಆ ನಡುಮನೆಯಲ್ಲಿ ನಿಂತು ಹೇಳಿದ್ದರೆ ಕಾಫಿಯೇ ಕೊನೆಯ ಉಪಚಾರವಾಗುತ್ತಿತ್ತು. ಅತ್ತೆಯೊಬ್ಬರಿಗೇ ಬಿಡಿ ಎಂದರೆ ಸೊಸೆ ಗೆದ್ದಂತಾಗುತ್ತದೆ; ಆಗ ವ್ಯವಹಾರ ಕುದುರುವುದಿಲ್ಲ. ಇಬ್ಬರ ಕೈಯಿಂದಲೂ ಏನಾದರೂ ಬಿಡಿಸಬೇಕಿತ್ತು.

"ಅಮ್ಮಾ, ಪೂಜೆ ನಡೀಲಿ. ಸೇವಂತಿಗೆ ದೇವರ ತಲೆ ಮೇಲೇ ಇರ್ಲಿ. ಮಗು ದೂರದಿಂದ ಕೈ ಮುಗೀಲಿ. ಹೂವು ಕಣ್ಣಿಗೂ ಬೇಡ, ಜಡೆಗೂ ಬೇಡ. ನಾಲ್ಕು ಶುಕ್ರವಾರ ನನಗೆ ಕೊಡಿ."

"ನಾಲ್ಕಾ? ಒಂದು ಕೊಡ್ತೀನಿ."

"ಒಂದರಲ್ಲಿ ಏನೂ ಗೊತ್ತಾಗಲ್ಲ. ಮೂರು."

"ನೀವು ಡಾಕ್ಟ್ರೋ, ಸಂತೆ ವ್ಯಾಪಾರಿನೋ?"

"ಕಾಟನ್‌ಪೇಟೆ ಅಂಗಡಿ ಹುಡುಗ ಅಮ್ಮ. ಪುಕ್ಕಟೆ ಕೇಳ್ತಿಲ್ಲ. ನೀವು ಹೂವು ಬಿಟ್ರೆ ನಿಮ್ಮ ಸೊಸೆ ಡ್ರಾಪ್ಸ್ ಬಿಡ್ತಾರೆ. ಊದಿದ್ರೂ ಸರಿ, ತಣ್ಣೀರು ಬಟ್ಟೆ ಅಷ್ಟೇ. ಬಾಟ್ಲಿ ನಿಮ್ಮ ಕೈಗೇ ಕೊಡ್ಲಿ."

ಸೊಸೆಯ ಬಾಟಲಿ ತಮ್ಮ ಕೈಗೆ ಎನ್ನುವುದು ಅವರಿಗೆ ಹಿಡಿಸಿತು. ಆದರೂ ಮೆಲ್ಲಗೆ ಕೇಳಿದರು: "ಹೂವು ತಪ್ಪಿಸಿದ್ದಕ್ಕೆ ಕಣ್ಣಿಗೇನಾದ್ರೂ ಆದ್ರೆ?"

"ಕಣ್ಣಿಗೆ ಈಗಾಗ್ಲೇ ಆಗ್ತಾ ಇದೆ ಅಮ್ಮ. ಆ ಡ್ರಾಪ್ಸ್ ಹೀಗೇ ಹಾಕ್ತಾ ಹೋದ್ರೆ ಒಂದು ದಿನ ಇವಳಿಗೆ ದೇವರ ಪಟಾನೇ ಕಾಣಲ್ಲ."

ಗಾಯತ್ರಿ ಎದ್ದುಹೋಗಿ ಬಾಟಲಿ ತಂದು ಅತ್ತೆಯ ಕೈಯಲ್ಲಿಟ್ಟರು. ಮೂರು ಶುಕ್ರವಾರಕ್ಕೆ ಕುದುರಿತು.

ಆ ಶುಕ್ರವಾರದ ಹೂವು ಆಗಲೇ ತಾಗಿದ್ದರಿಂದ ಆ ಭಾನುವಾರ ರೆಪ್ಪೆ ಊದಿತು; ಆಮೇಲಿನ ಎರಡು ಭಾನುವಾರ ಊದಲಿಲ್ಲ. ಒತ್ತಡ ಇಪ್ಪತ್ತನಾಲ್ಕಕ್ಕೆ ಇಳಿಯಿತು. ಮೂರನೆಯ ಭಾನುವಾರ ಊದಿತು, ಈ ಸಲ ಎರಡೂ ಕಣ್ಣು ಸಮಸಮ, ಕೆನ್ನೆಯಲ್ಲೂ ಕೆಂಪು. ಸೋಮವಾರ ಬೆಳಿಗ್ಗೆ ಜಯಲಕ್ಷ್ಮಮ್ಮ ಒಬ್ಬರೇ ಕ್ಲಿನಿಕ್‌ಗೆ ಬಂದರು. ಮುಖದಲ್ಲಿ ಗೆದ್ದವರ ಕಳೆ.

"ಮಾತು ತಪ್ಪಿಲ್ಲ ಡಾಕ್ಟ್ರೇ. ಹೂವು ಮಗು ಹತ್ರ ಸುಳಿದಿಲ್ಲ, ಬಾಟ್ಲಿ ನನ್ನ ಬೀರೂಲಿದೆ. ಆದ್ರೂ ಊದಿದೆ. ನಿಮ್ಮ ಲೆಕ್ಕ ತಪ್ಪು."

ಇರಬಹುದು ಎಂದೆ. ಹೂವೇ ಅಲ್ಲವೆಂದಾದರೆ ನನ್ನ ಬಳಿ ಬೇರೆ ಯಾವ ಎಳೆಯೂ ಉಳಿದಿರಲಿಲ್ಲ. "ಶುಕ್ರವಾರ ಬೆಳಿಗ್ಗೆಯಿಂದ ಏನೇನಾಯ್ತು, ನಿಧಾನವಾಗಿ ಹೇಳಿ."

"ಏನಾಗತ್ತೆ? ಮಗು ಹುಟ್ಟಿದಬ್ಬ. ದಿನಾ ಮೊಳದ ಹೂವು ತರ್ತಿದ್ವಿ, ಅವತ್ತು ದೊಡ್ಡ ಹಾರ ಹಾಕೋಣ ಅಂತ ಬಿಡಿ ಸೇವಂತಿಗೆ ತರಿಸ್ದೆ. ನಾನೇ ಕೂತು ಕಟ್ದೆ. ಅಷ್ಟರಲ್ಲಿ ಮಗು ಹೊಸ ಲಂಗ ಹಾಕ್ಕೊಂಡು ಬಂತು. ಎಷ್ಟು ಚೆನ್ನಾಗಿತ್ತು ಅಂತೀರಿ! ದೃಷ್ಟಿ ಆಗತ್ತೆ ಅಂತ ಹೀಗೆ..."

ಎರಡೂ ಅಂಗೈಗಳನ್ನು ಗಾಳಿಯಲ್ಲಿ ಮಗುವಿನ ಹಣೆಯಿಂದ ಕಣ್ಣು, ಕೆನ್ನೆಯ ಮೇಲೆ ನೀವುವಂತೆ ಇಳಿಸಿದರು. ಬೆರಳು ಮಡಿಸಿ ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿಯಹೊರಟವರು ಅರ್ಧದಲ್ಲೇ ನಿಂತರು. ಕೈಗಳನ್ನು ಮುಂದೆ ತಂದು ನೋಡಿಕೊಂಡರು. ಬೆರಳ ತುದಿಗಳಲ್ಲಿ, ಉಗುರಿನ ಸಂದಿಗಳಲ್ಲಿ ತೊಟ್ಟಿನ ಹಸಿರು ಕರೆ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಕೈ ತೊಳ್ಕೊಂಡಿರಲಿಲ್ಲ" ಎಂದರು.

 

ಖಾತ್ರಿಗೆಂದು ಚರ್ಮದ ಡಾಕ್ಟರೊಬ್ಬರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿದೆವು. ಅನುಮಾನದ ವಸ್ತುಗಳನ್ನು ಬೆನ್ನಿನ ಮೇಲೆ ಎರಡು ದಿನ ಅಂಟಿಸಿಟ್ಟು, ಯಾವುದರ ಕೆಳಗೆ ಚರ್ಮ ಕೆಂಪಾಯಿತೆಂದು ನೋಡುವ ಪರೀಕ್ಷೆ ಅದು. ಸೇವಂತಿಗೆಯ ಕೆಳಗೆ ಕೆಂಪಗೆ ಗುಳ್ಳೆಯೆದ್ದಿತ್ತು. ಕಾಡಿಗೆಯ ಕೆಳಗೆ ಏನೂ ಆಗಿರಲಿಲ್ಲ. ಅಜ್ಜಿ ಅದನ್ನು ಸೊಸೆಗೆ ಎಷ್ಟು ಸಲ ಹೇಳಿದರೋ ನನಗೆ ಗೊತ್ತಿಲ್ಲ. ಬೇಸಿಗೆ ರಜೆಯ ಹೊತ್ತಿಗೆ ಒತ್ತಡ ಹದಿನೇಳಕ್ಕೆ ಬಂದು ನಿಂತಿತು. ನರ ಉಳಿಯಿತು. ಕೊನೆಯ ಸಲ ಬಂದಾಗ ಜಯಲಕ್ಷ್ಮಮ್ಮ ಮೊಮ್ಮಗಳ ಕೆನ್ನೆ ಮುಟ್ಟಲು ಹೋಗಿ, ಕೈ ಹಿಂದಕ್ಕೆಳೆದುಕೊಂಡು, ನನ್ನ ವಾಷ್‌ಬೇಸಿನ್ ಕಡೆ ನಡೆದರು. "ಇವತ್ತು ಹೂವು ಮುಟ್ಟಿಲ್ಲಮ್ಮ ನೀವು" ಎಂದರು ಗಾಯತ್ರಿ. "ಇರ್ಲಿ ಕಣೇ" ಎಂದು ಅವರು ಸೋಪು ಹಚ್ಚಿಕೊಂಡರು.

ಈಗ ನಿಮಗೆ ನನ್ನ ಮಾತು. ಹಳೆಯ ಚೀಟಿ ತೋರಿಸಿ ಮಗುವಿನ ಕಣ್ಣಿಗೆ ಡ್ರಾಪ್ಸ್ ತರಬೇಡಿ. ಬಾಟಲಿ ಬೇಗ ಗುಣ ಕೊಟ್ಟಷ್ಟೂ ಅದರಲ್ಲಿ ಏನಿದೆ ಎಂದು ಡಾಕ್ಟರನ್ನು ಕೇಳಿ, ತಿಂಗಳು ದಾಟಿದ್ದರೆ ಒತ್ತಡ ಅಳೆಸಿ. ರೆಪ್ಪೆ ಊದಿದ ದಿನದ ಅಡುಗೆಯನ್ನು ದೂರುವ ಮೊದಲು ಅದಕ್ಕೆ ಎರಡು ದಿನ ಹಿಂದೆ ಆ ಮುಖಕ್ಕೆ ಏನು ತಾಗಿತು ಎಂದು ನೆನಪಿಸಿಕೊಳ್ಳಿ. ಮನೆಯಲ್ಲಿ ಯಾರಿಂದಲಾದರೂ ಒಂದು ಅಭ್ಯಾಸ ಬಿಡಿಸಬೇಕಾದರೆ ಅಪ್ಪಣೆ ಮಾಡಬೇಡಿ. ನೀವೂ ಒಂದನ್ನು ಬಿಟ್ಟುಕೊಟ್ಟು ಚೌಕಾಸಿ ಮಾಡಿ. ಮತ್ತು ಊದಿದ ಕಣ್ಣಿನ ಮಗುವನ್ನು ಡಾಕ್ಟರ ಬಳಿ ಕರೆತರುವಾಗ ರಿಪೋರ್ಟುಗಳ ಕಟ್ಟು ತರುವುದು ಮರೆತರೂ ಚಿಂತೆಯಿಲ್ಲ, ಮನೆಯಲ್ಲಿ ಆ ಮಗುವನ್ನು ಎಲ್ಲರಿಗಿಂತ ಹೆಚ್ಚು ಮುದ್ದು ಮಾಡುವವರು ಯಾರೋ ಅವರನ್ನು ಜೊತೆಗೆ ಕರೆತನ್ನಿ.